ಗಣಿ ಮುಚ್ಚಿದ ಮೇಲೂ ಕೆಜಿಎಫ್ ಉಳಿಯಿತು, ಕುದುರೆಮುಖ ಯಾಕೆ ಖಾಲಿಯಾಯಿತು?

ಕೆಜಿಎಫ್ ಅಂದರೆ ಪಾಳುಬಿದ್ದ ಊರು ಎಂದುಕೊಂಡವರು ಒಮ್ಮೆ ನಸುಕಿನಲ್ಲಿ ಮಾರಿಕುಪ್ಪಂ ರೈಲು ನಿಲ್ದಾಣಕ್ಕೆ ಹೋಗಿ ನೋಡಬೇಕು. ಬೆಳಕು ಹರಿಯುವ ಮೊದಲೇ ಊಟದ ಡಬ್ಬಿ ಹಿಡಿದವರು ಬೋಗಿಗಳಲ್ಲಿ ಕೂತಿರುತ್ತಾರೆ. ರೈಲು ಚಾಂಪಿಯನ್, ಉರಿಗಾಂ, ಕೋರಮಂಡಲ ದಾಟಿ ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎಲ್ಲರೂ ಬೆಂಗಳೂರಿಗೆ ಕೆಲಸಕ್ಕೆ ಹೊರಟವರು, ರಾತ್ರಿ ಇದೇ ದಾರಿಯಲ್ಲಿ ವಾಪಸು ಬರುವವರು. ಅಲ್ಲಿನ ಚಿನ್ನದ ಗಣಿ ನಿಂತದ್ದು 2001ರ ಫೆಬ್ರುವರಿ 28ಕ್ಕೆ. ಹತ್ತು ವರ್ಷ ಕಳೆದು 2011ರ ಜನಗಣತಿ ನಡೆದಾಗ ಊರಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಇದ್ದರು.

ಈಗ ಘಟ್ಟದ ಕಡೆ ಬನ್ನಿ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯುವುದು ನಿಂತದ್ದು 2005ರ ಡಿಸೆಂಬರ್ ಕೊನೆಗೆ. ಗಣಿ ನಡೆಯುವಾಗ ಅಲ್ಲಿದ್ದವರು ಎಂಟು ಸಾವಿರದಷ್ಟು ಜನ. ಆಸ್ಪತ್ರೆ, ಶಾಲೆ, ಬ್ಯಾಂಕು, ಆಟದ ಮೈದಾನ, ಸಾಲುಮನೆ, ಒಂದಕ್ಕೂ ಕೊರತೆ ಇರಲಿಲ್ಲ. ಸುತ್ತಲ ಹಳ್ಳಿಯವರು ಅಸೂಯೆಪಡುವಂಥ ರಸ್ತೆ, ದೀಪ, ನಲ್ಲಿನೀರು ಇತ್ತು. ಕೆಲವೇ ವರ್ಷಗಳಲ್ಲಿ ಬೀದಿಬೀದಿಗೆ ಬೀಗ ಬಿತ್ತು.

ಎರಡೂ ಗಣಿಯೂರು. ಎರಡನ್ನೂ ಕೊನೆಗೆ ನಡೆಸುತ್ತಿದ್ದದ್ದು ಕೇಂದ್ರ ಸರ್ಕಾರದ ಕಂಪನಿ. ಮುಚ್ಚಿದ ಕಾಲದಲ್ಲಿ ಐದು ವರ್ಷದ ಅಂತರವೂ ಇಲ್ಲ. ಕೆಜಿಎಫ್‌ನ ಕಂಪನಿ ಮುಳುಗಿಹೋಯಿತು, ಊರು ಉಳಿಯಿತು. ಕುದುರೆಮುಖದ ಕಂಪನಿ ಇವತ್ತಿಗೂ ಬದುಕಿದೆ, ಊರು ಬರಿದಾಯಿತು. ಊರುಗಳು ಯಾಕೆ ಸಾಯುತ್ತವೆ ಎಂದು ತಿಳಿಯಬೇಕಾದರೆ ಈ ತಿರುಗಾಮುರುಗಾವನ್ನು ಬಿಡಿಸಿದರೆ ಸಾಕು. 'ಅದಿರು ಮುಗಿಯಿತು, ಜನ ಹೋದರು' ಎಂಬ ಸಿದ್ಧ ಉತ್ತರ ಎರಡಕ್ಕೂ ಹೊಂದುವುದಿಲ್ಲ.

ಹತ್ತು ಟನ್ ಕಲ್ಲಿಗೆ ಒಂದು ಸರ

ಕೆಜಿಎಫ್‌ನಲ್ಲಿ ಚಿನ್ನ ಖಾಲಿಯಾಗಿರಲಿಲ್ಲ, ಅದನ್ನು ಮೇಲಕ್ಕೆ ತರುವ ಲೆಕ್ಕ ಕೆಟ್ಟಿತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದಾಗಿನಿಂದ ಮುಚ್ಚುವವರೆಗೆ ಸುಮಾರು 120 ವರ್ಷಗಳಲ್ಲಿ ಐದು ಕೋಟಿ ಟನ್‌ಗೂ ಹೆಚ್ಚು ಅದಿರು ಅರೆದು ಸಿಕ್ಕ ಚಿನ್ನ 800 ಟನ್ ಆಸುಪಾಸು. ಅಂದರೆ ಗಣಿಯ ಆಯುಷ್ಯಪೂರ್ತಿಯ ಸರಾಸರಿ ಟನ್‌ಗೆ 16 ಗ್ರಾಂ ಹತ್ತಿರ. ಮೊದಮೊದಲು ಇದರ ಎರಡು ಮೂರು ಪಟ್ಟು ಸಿಗುತ್ತಿತ್ತು. ಕೊನೆಕೊನೆಗೆ ಮೂರು-ನಾಲ್ಕು ಗ್ರಾಮಿಗೆ ಇಳಿಯಿತು.

ಮನೆಯ ಲೆಕ್ಕದಲ್ಲೇ ನೋಡಿ. 40 ಗ್ರಾಂನ ಒಂದು ಸರ ಮಾಡಿಸಬೇಕು. ಟನ್‌ಗೆ 16 ಗ್ರಾಂ ಇದ್ದ ಕಾಲದಲ್ಲಿ ಅದಕ್ಕೆ ಎರಡೂವರೆ ಟನ್ ಕಲ್ಲು ಸಾಕು. ನಾಲ್ಕು ಗ್ರಾಮಿಗೆ ಇಳಿದ ಮೇಲೆ ಹತ್ತು ಟನ್ ಬೇಕು, ಒಂದು ದೊಡ್ಡ ಟಿಪ್ಪರ್ ತುಂಬ. ಆ ಹತ್ತು ಟನ್ ಬರಬೇಕಾದದ್ದು ಮೂರು ಕಿಲೋಮೀಟರ್ ಕೆಳಗಿನಿಂದ.

ಆಳ ಹೆಚ್ಚಿದಂತೆ ಖರ್ಚು ಒಂದೇ ಸಮನೆ ಏರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೆ. ಆಳನ್ನೂ ಕಲ್ಲನ್ನೂ ಹೊರುವ ಕೇಜನ್ನು ಎಳೆಯುವ ಉಕ್ಕಿನ ಹಗ್ಗ ಹೊರೆಯ ಜೊತೆಗೆ ತನ್ನ ತೂಕವನ್ನೂ ಹೊರಬೇಕು. ಒಂದು ಉದ್ದ ದಾಟಿದರೆ ಹಗ್ಗದ ಬಲದಲ್ಲಿ ಬಹುಪಾಲು ಹಗ್ಗವನ್ನು ಹೊರುವುದಕ್ಕೇ ಹೋಗುತ್ತದೆ. ಚಾಂಪಿಯನ್ ರೀಫ್ಸ್ ಗಣಿಯ ಗಿಫರ್ಡ್ ಶಾಫ್ಟ್, ಅಂದರೆ ಗಣಿಗಿಳಿಯಲು ನೆಟ್ಟಗೆ ತೋಡಿದ ಬಾವಿ, ಒಂದೇ ಇಳಿತಕ್ಕೆ ಎರಡು ಕಿಲೋಮೀಟರ್ ಹೋಗುತ್ತಿತ್ತು. ಆ ಕಾಲಕ್ಕೆ ಅದು ಸಣ್ಣ ಸಾಧನೆಯಲ್ಲ. ಅದರಾಚೆಗೆ ಹೋಗಬೇಕಾದರೆ ನೆಲದೊಳಗೇ ಇನ್ನೊಂದು ಶಾಫ್ಟ್ ತೋಡಿ, ಅಲ್ಲೇ ಇನ್ನೊಂದು ಎಳೆಯಂತ್ರ ಕೂರಿಸಬೇಕು. ಕಲ್ಲು ಎರಡು ಮೂರು ಕಡೆ ಕೈ ಬದಲಾಯಿಸಿ ಮೇಲೆ ಬರಬೇಕು. ಆಳು ಕೂಡ ಹಾಗೇ ಇಳಿದು ಹಾಗೇ ಹತ್ತಬೇಕು, ಪಾಳಿಯ ಗಂಟೆಗಳಲ್ಲಿ ಒಂದು ಪಾಲು ಹೋಗಿಬರುವುದಕ್ಕೇ ಸರಿ.

ಜೊತೆಗೆ ಶಾಖ. ಆ ಆಳದಲ್ಲಿ ಬಂಡೆಯನ್ನು ಮುಟ್ಟಿದರೆ ಕೈ ಸುಡುತ್ತದೆ, ಅರವತ್ತು ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಗಾಳಿಯನ್ನು ತಣ್ಣಗೆ ಮಾಡಿ ಕೆಳಕ್ಕೆ ತಳ್ಳದಿದ್ದರೆ ಮನುಷ್ಯ ಅಲ್ಲಿ ನಿಲ್ಲಲಾರ. ಮೂರು ಕಿಲೋಮೀಟರ್ ಬಂಡೆಯ ಭಾರವೂ ಇದೆ, ಪ್ರತಿ ಚದರ ಸೆಂಟಿಮೀಟರಿಗೆ 800 ಕಿಲೋಗೂ ಮೇಲೆ. ಕಲ್ಲು ತೆಗೆದು ಟೊಳ್ಳಾದ ಕಡೆ ಆ ಒತ್ತಡ ಅಂಚುಗಳಿಗೆ ಸರಿದು, ಒಂದು ದಿನ ಗೋಡೆ ಬಾಂಬಿನ ಹಾಗೆ ಸಿಡಿಯುತ್ತದೆ. 'ರಾಕ್ ಬರ್ಸ್ಟ್' ಎಂಬ ಈ ಸಿಡಿತಕ್ಕೆ ಕೆಜಿಎಫ್ ಜಗತ್ತಿನ ಗಣಿ ಎಂಜಿನಿಯರುಗಳಲ್ಲೆಲ್ಲ ಕುಖ್ಯಾತ. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಇಲ್ಲೇ ಹುಟ್ಟಿದ್ದು ಸುಮ್ಮನೆ ಅಲ್ಲ.

ಇನ್ನು ಬೆಲೆ. ಸ್ವಾತಂತ್ರ್ಯಾನಂತರ ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಗೆ ಬಂದವು. ಬಹಳ ಕಾಲ ಇಲ್ಲಿನ ಚಿನ್ನ ಸರ್ಕಾರಕ್ಕೆ ಹೋಗುತ್ತಿದ್ದದ್ದು ಅಂತಾರಾಷ್ಟ್ರೀಯ ಅಧಿಕೃತ ದರಕ್ಕೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಅಂಗಡಿಯಲ್ಲಿ ಅದೇ ಚಿನ್ನಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಬೆಲೆ ಇತ್ತು. ಕಾಗದದ ಮೇಲಿನ ನಷ್ಟದಲ್ಲಿ ಒಂದು ಪಾಲು ಹೀಗೆ ಹುಟ್ಟಿದ್ದು ಎಂದು ಅಲ್ಲಿನ ಕಾರ್ಮಿಕ ಸಂಘಗಳು ಹೇಳುತ್ತ ಬಂದದ್ದರಲ್ಲಿ ಹುರುಳಿದೆ. 1992ರಲ್ಲಿ ಕಂಪನಿಗೆ 'ರೋಗಗ್ರಸ್ತ ಉದ್ಯಮ' ಎಂಬ ಹಣೆಪಟ್ಟಿ ಬಿತ್ತು. ಮುಚ್ಚಿದ ವರ್ಷ ಜಗತ್ತಿನ ಮಾರುಕಟ್ಟೆಯಲ್ಲಿ ಚಿನ್ನ ಔನ್ಸಿಗೆ 270 ಡಾಲರ್ ಆಸುಪಾಸು. ಟನ್‌ಗೆ ನಾಲ್ಕು ಗ್ರಾಂ ಅಂದರೆ ಒಂದು ಟನ್ ಕಲ್ಲಿನಲ್ಲಿ ಇದ್ದ ಚಿನ್ನದ ಬೆಲೆ ಅಂದಿನ ವಿನಿಮಯ ದರದಲ್ಲಿ ಸುಮಾರು 1,600 ರೂಪಾಯಿ. ಸ್ಫೋಟಕ, ಕರೆಂಟು, ಪಂಪು, ತಂಪುಗಾಳಿ, ಅರೆಯುವುದು, ಪುಡಿಯಿಂದ ಚಿನ್ನ ಕರಗಿಸಿ ತೆಗೆಯುವ ಸೈನೈಡ್, ಸಂಬಳ ಎಲ್ಲ ಅದರೊಳಗೇ ಮುಗಿಯಬೇಕು. ಮುಗಿಯಲಿಲ್ಲ.

ಮುಚ್ಚಿದ ಮೇಲೆ ಬೆಲೆ ಏರತೊಡಗಿ, ಹತ್ತು ವರ್ಷದಲ್ಲಿ ಔನ್ಸಿಗೆ 1,900 ಡಾಲರ್ ಮುಟ್ಟಿತು. ಹಾಗಿದ್ದರೆ ಮತ್ತೆ ತೆರೆಯಬಹುದಿತ್ತಲ್ಲ ಎನ್ನುವವರಿಗೆ ಉತ್ತರ ಪಂಪಿನಲ್ಲಿದೆ. ಆಳದ ಗಣಿಯಲ್ಲಿ ಹಗಲೂ ರಾತ್ರಿ ನೀರು ಒಸರುತ್ತದೆ, ಹಗಲೂ ರಾತ್ರಿ ಎತ್ತಬೇಕು. ಪಂಪು ನಿಲ್ಲಿಸಿದ ದಿನದಿಂದ ಸುರಂಗಗಳು ಕೆಳಗಿನಿಂದ ತುಂಬುತ್ತ ಬರುತ್ತವೆ. ಹಳಿ, ಕೇಬಲ್, ಊರುಗೋಲಾಗಿ ನಿಲ್ಲಿಸಿದ ಮರ ಎಲ್ಲ ನೀರಿನಡಿ ಕೊಳೆಯುತ್ತವೆ. ನೀರು ಬಂಡೆಯ ಬಿರುಕಿನೊಳಗೆ ಹೋಗಿ ಒತ್ತಡದ ಲೆಕ್ಕವನ್ನೂ ಬದಲಿಸುತ್ತದೆ. ಗಣಿ ನಿಂತ ಮೇಲೂ ಊರಿನ ಮನೆಗಳಲ್ಲಿ ಪಾತ್ರೆ ನಡುಗಿದ್ದಕ್ಕೆ ಇದೇ ಕಾರಣ. ಅಂಗಡಿಯ ಶಟರ್ ಎಳೆದು ನಾಳೆ ಎತ್ತಿದ ಹಾಗೆ ಆಳದ ಗಣಿಯನ್ನು ಎತ್ತಲಾಗುವುದಿಲ್ಲ.

ಇರಾನಿನ ದುಡ್ಡು, ಘಟ್ಟದ ಕಬ್ಬಿಣ

ಕುದುರೆಮುಖದ ಕಥೆಯೇ ಬೇರೆ. 1976ರಲ್ಲಿ ಕಂಪನಿ ಹುಟ್ಟಿದ್ದೇ ಒಬ್ಬ ಗಿರಾಕಿಗಾಗಿ. ಶಾ ಆಳುತ್ತಿದ್ದ ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ನಾವು ಅದಿರು ಕೊಡುವುದು ಎಂದು ಒಪ್ಪಂದ. ಕಾಡಿನ ನಡುವೆ ಊರು ಎದ್ದಿತು, ಘಟ್ಟದಿಂದ ಪಣಂಬೂರಿನ ಬಂದರಿಗೆ 67 ಕಿಲೋಮೀಟರ್ ಕೊಳವೆ ಹಾಸಿದರು. ಅರೆದ ಅದಿರನ್ನು ನೀರಿನಲ್ಲಿ ಕದಡಿ ರಾಡಿಯಾಗಿ ಅದರಲ್ಲಿ ಹರಿಸುವುದು, ಕೆಳಗೆ ನೀರು ಹಿಂಡಿ ಹಡಗಿಗೆ ತುಂಬುವುದು. ಎಲ್ಲ ಸಿದ್ಧವಾಗುವ ಹೊತ್ತಿಗೆ 1979ರ ಕ್ರಾಂತಿಯಲ್ಲಿ ಶಾ ಉರುಳಿದ. ಹಣವೂ ನಿಂತಿತು, ಗಿರಾಕಿಯೂ ಕೈಬಿಟ್ಟ. ವರ್ಷಕ್ಕೆ 75 ಲಕ್ಷ ಟನ್ ತಯಾರಿಸಬಲ್ಲ ಕಾರ್ಖಾನೆ ಹುಟ್ಟುವಾಗಲೇ ಕೊಳ್ಳುವವರಿಲ್ಲದೆ ಹುಟ್ಟಿತು. ಬೇರೆ ದೇಶಗಳ ಬಾಗಿಲು ತಟ್ಟಿ, 1987ರಲ್ಲಿ ಮಂಗಳೂರಿನಲ್ಲಿ ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಪೆಲ್ಲೆಟ್ ಕಾರ್ಖಾನೆ ಶುರುಮಾಡಿ ಹೇಗೋ ನಿಭಾಯಿಸಿದರು. ಈ ಪೆಲ್ಲೆಟ್ ಕಾರ್ಖಾನೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಲ್ಲಿನ ಅದಿರು ಬಡ ಅದಿರು. ಕಬ್ಬಿಣದ ಅಂಶ ನೂರಕ್ಕೆ 38ರಷ್ಟು. ಅದನ್ನು ಹಿಟ್ಟಿನಂತೆ ಅರೆದು, ಅಯಸ್ಕಾಂತದಿಂದ ಸೆಳೆದು 67ಕ್ಕೆ ಏರಿಸಬೇಕು. ಒಂದು ಟನ್ ಸರಕಿಗೆ ಸುಮಾರು ಮೂರು ಟನ್ ಕಲ್ಲು ಅಗೆಯಬೇಕು. ಉಳಿದ ಎರಡು ಟನ್ ನುಣ್ಣನೆಯ ಕೆಸರು. ಅದನ್ನು ಹಿಡಿದಿಡಲು ಕಟ್ಟಿದ್ದೇ ಲಕ್ಯಾ ಅಣೆಕಟ್ಟು, ನೂರು ಮೀಟರ್ ಹತ್ತಿರದ ಎತ್ತರ. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಜಾಗ ಅದು. ಬೋಳು ಮಾಡಿದ ಗುಡ್ಡದ ಮೇಲೆ ಅಂಥ ಮಳೆ ಬಿದ್ದರೆ ಮಣ್ಣು ಹೋಗಿ ಸೇರುವುದು ಭದ್ರೆಗೆ. ಕೆಳಗಿನ ರೈತರು, ಪರಿಸರವಾದಿಗಳು ಎಬ್ಬಿಸಿದ ಪ್ರಶ್ನೆ ಇದೇ. 30 ವರ್ಷದ ಗುತ್ತಿಗೆ 1999ರಲ್ಲಿ ಮುಗಿದಿತ್ತು, ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನವಾಗಿತ್ತು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್, 2005ರ ಕೊನೆಗೆ ಗಣಿ ನಿಲ್ಲಿಸಿ ಎಂದಿತು. ನೆಲದಲ್ಲಿ ಅದಿರು ಇನ್ನೂ ಬೇಕಾದಷ್ಟಿತ್ತು.

ಕಾರಣ ಒಂದೊಂದು ಕಡೆ ಒಂದೊಂದು. ಒಂದು ಕಡೆ ಲೆಕ್ಕ ಕೆಟ್ಟಿತು, ಇನ್ನೊಂದು ಕಡೆ ಕಾನೂನು ಬಂತು. ಮೂರನೆಯದು ಬೇಕಾದರೆ ರಾಮೇಶ್ವರದ ಬಳಿಯ ಧನುಷ್ಕೋಟಿ ಇದೆ, 1964ರ ಡಿಸೆಂಬರಿನ ಒಂದೇ ರಾತ್ರಿಯ ಚಂಡಮಾರುತ ಅದನ್ನು ಮುಗಿಸಿತು. ಆದರೆ ಕೆಲಸ ಯಾಕೆ ನಿಂತಿತು ಎಂಬುದು ಅರ್ಧ ವಿಷಯ. ನಿಂತ ಮೇಲೆ ಜನ ಏನು ಮಾಡಿದರು ಎಂಬುದರಲ್ಲಿ ಉಳಿದ ಅರ್ಧ ಇದೆ.

ಯಾರಿಗೆ ಹೋಗಲು ಊರಿತ್ತು

ಕುದುರೆಮುಖದ ನೌಕರರು ಎಪ್ಪತ್ತರ ದಶಕದ ಕೊನೆಯಿಂದ ಕೆಲಸದ ಆದೇಶ ಹಿಡಿದು ಬಂದವರು, ಹೆಚ್ಚೆಂದರೆ ಒಂದೂವರೆ ತಲೆಮಾರು. ಅವರಿಗೆ 'ನಮ್ಮೂರು' ಅಂದರೆ ಕರಾವಳಿಯದೋ ಬಯಲುಸೀಮೆಯದೋ ಕೇರಳದ್ದೋ ಇನ್ನೊಂದು ಊರು. ದೀಪಾವಳಿಗೆ ಹೋಗಿಬರುವ ಮನೆ ಅಲ್ಲಿತ್ತು. ಕಂಪನಿ ಸ್ವಯಂ ನಿವೃತ್ತಿ ಕೊಟ್ಟಾಗ ದುಡ್ಡು ತೆಗೆದುಕೊಂಡು ಹೋಗಲು ಜಾಗವಿತ್ತು. ನಿವೃತ್ತಿ ಬೇಡ ಎಂದವರಿಗೆ ಮಂಗಳೂರಿನ ಪೆಲ್ಲೆಟ್ ಕಾರ್ಖಾನೆ ಇತ್ತು. ಹೊರಗಿನ ಅದಿರು ತರಿಸಿ ಅದು ನಡೆಯುತ್ತಲೇ ಹೋಯಿತು, ನೌಕರರನ್ನು ಘಟ್ಟದಿಂದ ಕೆಳಕ್ಕೆ ಎಳೆದುಕೊಂಡಿತು. ಕಂಪನಿ ಬದುಕಿದ್ದರಿಂದಲೇ ಊರು ಬೇಗ ಬರಿದಾಯಿತು. ವರ್ಗಾವಣೆ ಪತ್ರ ಸಿಕ್ಕವನು ಹೆಂಡತಿ ಮಕ್ಕಳನ್ನು ಯಾಕೆ ಬಿಟ್ಟುಹೋಗುತ್ತಾನೆ?

ಕೆಜಿಎಫ್‌ನ ಜನ ಬಂದದ್ದು 1880ರಿಂದ ಈಚೆಗೆ, ಬಹುಪಾಲು ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯ ಭೂಮಿಯಿಲ್ಲದ ದಲಿತ ಕುಟುಂಬಗಳು. ಬರಗಾಲ ಮತ್ತು ಜಾತಿ ಎರಡರಿಂದಲೂ ತಪ್ಪಿಸಿಕೊಂಡು ಬಂದವರು. 2001ರ ಹೊತ್ತಿಗೆ ನಾಲ್ಕೈದು ತಲೆಮಾರು ಕಳೆದಿತ್ತು. ತಾತನ ಹಳ್ಳಿಯ ಹೆಸರು ಗೊತ್ತಿದ್ದರೂ ಅಲ್ಲಿ ಒಂದು ಗುಂಟೆ ಇಲ್ಲ, ಹೋದರೆ ಕೂರಿಸುವವರಿಲ್ಲ. ಒಂದು ಕಾಲಕ್ಕೆ ಮೂವತ್ತು ಸಾವಿರದ ಆಸುಪಾಸು ಆಳು ದುಡಿದಿದ್ದ ಗಣಿಯಲ್ಲಿ ಮುಚ್ಚುವಾಗ ಉಳಿದಿದ್ದವರು ಮೂರೂವರೆ ಸಾವಿರದಷ್ಟು. ಅಂದರೆ ಊರು ಆಗಲೇ ಹಲವು ವರ್ಷದಿಂದ ಗಣಿಯ ಸಂಬಳವಿಲ್ಲದೆ ಬದುಕುವುದನ್ನು ಸ್ವಲ್ಪ ಸ್ವಲ್ಪವಾಗಿ ಕಲಿತಿತ್ತು. 1964ರಲ್ಲಿ ಶುರುವಾದ, ಭಾರಿ ಯಂತ್ರಗಳನ್ನು ತಯಾರಿಸುವ ಬಿಇಎಂಎಲ್ ಕಾರ್ಖಾನೆ ಒಂದು ಪಾಲು ಕೆಲಸ ಕೊಟ್ಟಿತ್ತು. ಎಲ್ಲಕ್ಕಿಂತ ದೊಡ್ಡ ಆಸರೆ 1890ರ ದಶಕದಲ್ಲಿ ಗಣಿಯ ಸಾಮಾನು ಸಾಗಿಸಲು ಹಾಕಿದ ಆ ಬಂಗಾರಪೇಟೆ-ಮಾರಿಕುಪ್ಪಂ ರೈಲುಹಳಿ. ಕಲ್ಲಿದ್ದಲು, ಯಂತ್ರ ಹೊತ್ತ ಹಳಿಯೇ ನೂರು ವರ್ಷದ ಮೇಲೆ ಆಳುಗಳನ್ನು ಬೆಂಗಳೂರಿಗೆ ಹೊತ್ತಿತು. ಅಗ್ಗದ ತಿಂಗಳ ಪಾಸು, ನೂರು ಕಿಲೋಮೀಟರ್ ಒಳಗಿನ ದಾರಿ, ಬೆಂಗಳೂರಿನಲ್ಲಿ ಬಾಡಿಗೆ ಕೊಡುವ ತಾಪತ್ರಯವಿಲ್ಲ. ಕುದುರೆಮುಖದಿಂದ ನಸುಕಿನಲ್ಲಿ ಹೊರಟು ಎಲ್ಲಿಗೆ ಹೋಗುವುದು? ಒಂದು ಕಡೆ ಕಳಸ, ಇನ್ನೊಂದು ಕಡೆ ಘಟ್ಟ ಇಳಿದು ಕಾರ್ಕಳ, ನಡುವೆಲ್ಲ ಕಾಡು.

ಬೇಲಿಯ ಹೊರಗೆ ಏನಿತ್ತು ಎಂಬುದನ್ನೂ ನೋಡಬೇಕು. ಗಣಿಯ ಜಾಗದಲ್ಲಿ ಜನ ಕಿಕ್ಕಿರಿದಾಗ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸರ್ಕಾರ ಪಕ್ಕದಲ್ಲೇ ರಾಬರ್ಟ್‌ಸನ್‌ಪೇಟೆಯನ್ನು ಬೀದಿ ಗೆರೆ ಹಾಕಿ ಕಟ್ಟಿಸಿತು. ಅದು ಕಂಪನಿಯದ್ದಲ್ಲ. ಅಲ್ಲಿ ಮಾರ್ವಾಡಿಗಳು, ಶೆಟ್ಟರು, ಸಾಬರು ತಮ್ಮದೇ ಜಾಗದಲ್ಲಿ ಅಂಗಡಿ ಇಟ್ಟರು, ಮನೆ ಕಟ್ಟಿದರು. ಗಣಿ ಮುಚ್ಚಿದ ದಿನ ಈ ಪೇಟೆಯ ಕ್ರಯಪತ್ರಗಳೇನೂ ರದ್ದಾಗಲಿಲ್ಲ. ಕುದುರೆಮುಖದಲ್ಲಿ ಅಂಥ ಪೇಟೆ ಹುಟ್ಟುವಂತೆಯೇ ಇರಲಿಲ್ಲ. ಗುತ್ತಿಗೆಯ ನೆಲ, ಸುತ್ತ ಅರಣ್ಯ. ಒಬ್ಬನ ಹೆಸರಿನಲ್ಲೂ ಒಂದು ನಿವೇಶನ ಇಲ್ಲ. ಕೆಲಸ ಹೋದರೆ ಕ್ವಾರ್ಟರ್ಸಿನ ಬೀಗದಕೈ ಒಪ್ಪಿಸಬೇಕು.

ಜಪಾನಿನ ಹಾಶಿಮಾ ಇದರ ಅತಿರೇಕ. ನಾಗಸಾಕಿ ಹತ್ತಿರದ ಆರೂವರೆ ಹೆಕ್ಟೇರಿನಷ್ಟು ಚಿಕ್ಕ ದ್ವೀಪದಲ್ಲಿ 1959ರಲ್ಲಿ 5,259 ಜನ ಇದ್ದರು, ಎಲ್ಲ ಮಿತ್ಸುಬಿಷಿಯ ಕಲ್ಲಿದ್ದಲು ಗಣಿಯವರು, ಎಲ್ಲ ಕಂಪನಿಯ ಕಟ್ಟಡಗಳಲ್ಲಿ. 1974ರ ಜನವರಿಯಲ್ಲಿ ಗಣಿ ಮುಚ್ಚಿತು, ಏಪ್ರಿಲ್ ಮುಗಿಯುವ ಮೊದಲೇ ದ್ವೀಪದಲ್ಲಿ ಒಬ್ಬರೂ ಉಳಿಯಲಿಲ್ಲ.

ಮೊದಲು ಯಾರು, ಆಮೇಲೆ ಏನು

ಊರು ಬರಿದಾಗುವುದಕ್ಕೆ ಒಂದು ಕ್ರಮವಿದೆ. ಎರಡು ಸಾವಿರ ಸಂಬಳದಾರರಿರುವ ಊರು ಎಂದಿಟ್ಟುಕೊಳ್ಳಿ. ಹೊರಗಿನಿಂದ ದುಡ್ಡು ಬರುವುದು ಅವರ ಸಂಬಳದಿಂದ ಮಾತ್ರ. ಕಿರಾಣಿ ಅಂಗಡಿ, ಕ್ಷೌರದಂಗಡಿ, ಹೋಟೆಲು, ಟೈಲರು, ಟ್ಯೂಷನ್ನು, ಮನೆಗೆಲಸದವರು ಎಲ್ಲರೂ ಅದೇ ದುಡ್ಡನ್ನು ಕೈಯಿಂದ ಕೈಗೆ ತಿರುಗಿಸಿ ಬದುಕುತ್ತಾರೆ. ಸಂಬಳದಾರರಲ್ಲಿ ಅರ್ಧ ಜನ ಹೋದರೆ ಅಂಗಡಿಯ ವ್ಯಾಪಾರವೂ ಅರ್ಧವಾಗುತ್ತದೆ, ಆದರೆ ಬಾಡಿಗೆ, ಕರೆಂಟು, ಹಾಳಾಗುವ ಸರಕು ಅರ್ಧವಾಗುವುದಿಲ್ಲ. ಲಾಭ ಅನ್ನುವುದು ಕೊನೆಯ ಕೆಲವು ಗಿರಾಕಿಗಳಿಂದ ಬರುವಂಥದ್ದು, ಹಾಗಾಗಿ ಅಂಗಡಿ ಮುಚ್ಚಲು ಗಿರಾಕಿಗಳೆಲ್ಲ ಹೋಗಬೇಕಿಲ್ಲ, ಕಾಲು ಭಾಗ ಹೋದರೂ ಸಾಕು. ಸಾಲದ ಪುಸ್ತಕದಲ್ಲಿ ಬರೆಸಿದವರು ಹೇಳದೆ ಹೋದರಂತೂ ಇನ್ನೂ ಬೇಗ.

ಮೊದಲು ಹೊರಡುವವರು ಬೇರೆ ಕಡೆ ಕೆಲಸ ಸಿಗುವಂಥವರು: ಎಲೆಕ್ಟ್ರಿಷಿಯನ್ನು, ಫಿಟ್ಟರು, ನರ್ಸು, ಗಣಿತದ ಮೇಷ್ಟ್ರು. ಊರಿಗೆ ತೀರಾ ಬೇಕಾದವರೂ ಇವರೇ. ಗಣಿತದ ಮೇಷ್ಟ್ರು ಹೋದ ಮುಂದಿನ ಜೂನಿನಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಗಳು ಹೊರಡುತ್ತವೆ. ಶಾಲೆಯ ವರ್ಷ ಮುಗಿಯುವ ಏಪ್ರಿಲ್-ಮೇ ತಿಂಗಳೇ ಇಂಥ ಊರುಗಳ ಲಾರಿ ಕಾಲ. ತರಗತಿಗೆ ನಲವತ್ತು ಮಕ್ಕಳಿದ್ದದ್ದು ಎಂಟಕ್ಕೆ ಇಳಿದ ಮೇಲೆ ಆಡಳಿತ ಮಂಡಳಿ ಶಾಲೆ ಮುಚ್ಚುತ್ತದೆ. ಶಾಲೆ ಮುಚ್ಚಿದ ಮೇಲೆ ಸಣ್ಣ ಮಕ್ಕಳಿರುವವರು ಯಾರೂ ಉಳಿಯುವುದಿಲ್ಲ. ಆಮೇಲೆ ಬ್ಯಾಂಕು, ಆಮೇಲೆ ಎರಡು ಬಸ್ಸಿನಲ್ಲಿ ಒಂದು.

ನೀರಿನ ಲೆಕ್ಕ ಇದಕ್ಕಿಂತ ಕಠಿಣ. ಎರಡು ಸಾವಿರ ಮನೆಗೆ ನೀರೆತ್ತಿ, ಶುದ್ಧ ಮಾಡಿ, ಹಂಚುವುದಕ್ಕೆ ತಿಂಗಳಿಗೆ ಹತ್ತು ಲಕ್ಷ ತಗಲುತ್ತದೆ ಎಂದು ಹಿಡಿಯೋಣ, ಮನೆಗೆ 500 ರೂಪಾಯಿ. ಇನ್ನೂರು ಮನೆ ಉಳಿದಾಗ ಖರ್ಚು ಒಂದು ಲಕ್ಷಕ್ಕೆ ಇಳಿಯುವುದಿಲ್ಲ. ಮೂರು ಪಾಳಿಯ ಪಂಪ್ ಆಪರೇಟರು ಬೇಕು, ಏರಿಸಬೇಕಾದ ಎತ್ತರ ಅಷ್ಟೇ, ಒಡೆಯುವ ಪೈಪಿನ ಉದ್ದ ಅಷ್ಟೇ. ಏಳು ಲಕ್ಷಕ್ಕೆ ಇಳಿದರೂ ಮನೆಗೆ 3,500 ಆಯಿತು. ಯಾರು ಕೊಡುತ್ತಾರೆ? ದುಡ್ಡಿನ ಮಾತು ಬಿಟ್ಟರೂ ಕೊಳವೆಗಳೇ ಕೈಕೊಡುತ್ತವೆ. ದೊಡ್ಡ ಊರಿಗೆಂದು ಹಾಕಿದ ದಪ್ಪ ಪೈಪಿನಲ್ಲಿ ನೀರು ದಿನಗಟ್ಟಲೆ ನಿಲ್ಲುತ್ತದೆ, ಹಾಕಿದ ಕ್ಲೋರಿನ್ ಮನೆ ಮುಟ್ಟುವ ಮೊದಲೇ ಹಾರಿಹೋಗಿರುತ್ತದೆ. ಒಳಚರಂಡಿ ಇನ್ನೂ ಕಷ್ಟ. ಕೊಚ್ಚೆಯ ಗಟ್ಟಿ ಪದಾರ್ಥ ತಳದಲ್ಲಿ ಕೂರದೆ ಸಾಗಬೇಕಾದರೆ ಹರಿವು ಸೆಕೆಂಡಿಗೆ 0.6 ಮೀಟರಿನಷ್ಟಾದರೂ ಇರಬೇಕು. ಹತ್ತರಲ್ಲಿ ಒಂದು ಮನೆಯಿಂದ ಬರುವ ನೀರಿಗೆ ಆ ಶಕ್ತಿ ಇಲ್ಲ. ಚರಂಡಿ ಕಟ್ಟುತ್ತದೆ, ಉಳಿದವರ ಶೌಚಾಲಯದಲ್ಲಿ ಉಕ್ಕುತ್ತದೆ. ಇರಲೇಬೇಕು ಎಂದು ಹಟ ಹಿಡಿದವರನ್ನು ಹೊರಡಿಸುವುದು ಬಹಳ ಸಲ ಈ ಚರಂಡಿಯೇ.

ಖಾಲಿಮನೆ ಹೇಗೆ ಬೀಳುತ್ತದೆ ಎಂಬುದು ಮಲೆನಾಡಿನವರಿಗೆ ಹೇಳಬೇಕಿಲ್ಲ. ತಾರಸಿಯ ನೀರಿಳಿಯುವ ತೂತಿಗೆ ಎಲೆ ಕಟ್ಟುತ್ತದೆ. ಮನೆಯಲ್ಲಿ ಜನ ಇದ್ದರೆ ಜೂನಿನ ಮೊದಲ ವಾರ ಯಾರಾದರೂ ಏಣಿ ಹಾಕಿ ತೆಗೆಯುತ್ತಾರೆ. ಇಲ್ಲದಿದ್ದರೆ ಮಳೆಗಾಲಪೂರ್ತಿ ತಾರಸಿ ಕೆರೆಯಾಗುತ್ತದೆ. ನೀರು ಕೂದಲೆಳೆಯ ಬಿರುಕಿನಲ್ಲಿ ಇಳಿದು ಕಬ್ಬಿಣದ ಸರಳಿಗೆ ಮುಟ್ಟುತ್ತದೆ, ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟಿನ ಹೊಪ್ಪಳೆಯನ್ನು ಕೆಳಗೆ ತಳ್ಳುತ್ತದೆ. ಎರಡನೆಯ ಮಳೆಗಾಲಕ್ಕೆ ಚಾವಣಿಯಡಿ ಸರಳು ಕಾಣುತ್ತದೆ. ಕೆಜಿಎಫ್‌ನಂಥ ಒಣ ಊರಿನಲ್ಲಿ ಮಳೆಗಿಂತ ಗುಜರಿಯ ಕೈ ಮುಂದು. ಮೊದಲು ತಾಮ್ರದ ತಂತಿ, ಆಮೇಲೆ ಕಿಟಕಿಯ ಸರಳು, ಕೊನೆಗೆ ಬಾಗಿಲ ಚೌಕಟ್ಟು.

ಉಳಿದದ್ದರ ಬೆಲೆ

ಕೆಜಿಎಫ್ ಉಳಿಯಿತು ಎಂದ ಮಾತ್ರಕ್ಕೆ ಚೆನ್ನಾಗಿ ಉಳಿಯಿತು ಎಂದು ಅರ್ಥವಲ್ಲ. ಬೆಂಗಳೂರಿಗಿಂತ ಮೂರು ವರ್ಷ ಮೊದಲು, 1902ರಲ್ಲೇ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆಸಿಕೊಂಡು ಕರೆಂಟು ತಂದ ಊರು ಅದು. ನೀರು, ದೀಪ, ಆಸ್ಪತ್ರೆ, ಕಸ ಎಲ್ಲವನ್ನೂ ಕಂಪನಿ ನೋಡುತ್ತಿತ್ತು. ಕಂಪನಿ ಹೋದ ಮೇಲೆ ಗಣಿಲೈನುಗಳ, ಅಂದರೆ ಕಾರ್ಮಿಕರ ಸಾಲುಮನೆಗಳ, ಹೊಣೆ ಯಾರದು ಎಂಬುದೇ ವರ್ಷಗಟ್ಟಲೆ ಬಗೆಹರಿಯಲಿಲ್ಲ. ಹತ್ತಡಿ ಅಗಲದ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದವರ ಕೈಯಲ್ಲಿ ಹಕ್ಕುಪತ್ರ ಇರಲಿಲ್ಲ, ಹೀಗಾಗಿ ದುರಸ್ತಿಗೆ ಸಾಲ ಹುಟ್ಟುತ್ತಿರಲಿಲ್ಲ. ಆಸ್ಪತ್ರೆ ಮುಚ್ಚಿದ್ದು ಎಲ್ಲಕ್ಕಿಂತ ಕ್ರೂರ. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್‌ಗೆ ಪರಿಹಾರ ಕೊಡಲು ಮೈಸೂರು ಸಂಸ್ಥಾನ 1940ರಲ್ಲೇ ನಿಯಮ ಮಾಡಿತ್ತು. ಆ ಕಾಯಿಲೆ ಗಣಿ ಬಿಟ್ಟು ಹತ್ತಿಪ್ಪತ್ತು ವರ್ಷದ ಮೇಲೂ ಕಾಣಿಸಿಕೊಳ್ಳುತ್ತದೆ. ರೋಗಿ ಉಳಿದ, ಎದೆಯ ಎಕ್ಸ್‌ರೇ ನೋಡಿ ಗೊತ್ತಿದ್ದ ವೈದ್ಯ ಉಳಿಯಲಿಲ್ಲ.

ಎರಡೂ ಊರುಗಳ ದುರದೃಷ್ಟ ಏನೆಂದರೆ ಇವುಗಳ ಭವಿಷ್ಯ ತೀರ್ಮಾನವಾದದ್ದು ಗಣಿ ಮುಚ್ಚುವುದಕ್ಕೆ ನಿಯಮಗಳು ಬರುವ ಮೊದಲು. 2003ರಿಂದ ಪ್ರತಿ ಗಣಿಗೂ ಮುಚ್ಚುವ ಯೋಜನೆ ಕಡ್ಡಾಯ, ಅಂತಿಮ ಯೋಜನೆಯನ್ನು ಈಗ ಎರಡು ವರ್ಷ ಮೊದಲೇ ಒಪ್ಪಿಸಬೇಕು. ದೊಡ್ಡ ಗಣಿಗಳು ಇಡಬೇಕಾದ ಖಾತರಿ ಹಣವನ್ನು 2021ರಲ್ಲಿ ಹೆಕ್ಟೇರಿಗೆ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಈ ಯೋಜನೆಗಳನ್ನು ಓದಿದರೆ ಗುಂಡಿ ಮುಚ್ಚುವುದು, ಗಿಡ ನೆಡುವುದು, ತ್ಯಾಜ್ಯದ ದಿಬ್ಬಕ್ಕೆ ತಡೆಗೋಡೆ ಎಲ್ಲ ವಿವರವಾಗಿ ಸಿಗುತ್ತದೆ. ಊರಿನ ಪಂಪು, ಶಾಲೆಗಳಿಗೆ ಅಲ್ಲಿ ಸಿಗುವುದು ಕೆಲವೇ ಸಾಲು. ಗಣಿಯಿಂದ ಬಾಧಿತರಾದವರಿಗೆಂದು 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗುತ್ತಿಗೆಗಳು ರಾಜಧನದ (ರಾಯಲ್ಟಿಯ) ಶೇ. 30, ಹರಾಜಿನಲ್ಲಿ ಕೊಟ್ಟ ಗುತ್ತಿಗೆಗಳು ಶೇ. 10 ಕೊಡುತ್ತವೆ. ಸಂಡೂರಿನ ಗಣಿಗಳು, ಹಟ್ಟಿಯ ಚಿನ್ನದ ಗಣಿ ಇನ್ನೂ ನಡೆಯುತ್ತಿರುವ ಕಾಲದಲ್ಲೇ ಆ ದುಡ್ಡು ಎಲ್ಲಿಗೆ ಹೋಗುತ್ತಿದೆ ಎಂದು ಅಲ್ಲಿನವರು ಕೇಳಬೇಕು. ಕೇಳುವಾಗ ಸಮುದಾಯ ಭವನಕ್ಕಿಂತ ಮೂರು ವಿಷಯಕ್ಕೆ ಒತ್ತು ಕೊಡುವುದು ಲೇಸು: ನೀರಿನ ಯೋಜನೆ ಕಂಪನಿಯ ಹೆಸರಿನಿಂದ ಪಂಚಾಯಿತಿ ಅಥವಾ ಪುರಸಭೆಗೆ ಯಾವಾಗ ಬರುತ್ತದೆ, ಮನೆಗಳಿಗೆ ಹಕ್ಕುಪತ್ರ ಸಿಗುತ್ತದೆಯೇ, ಬೆಳಗಿನ ಏಳು ಗಂಟೆಗೆ ಮೊದಲು ಕೆಲಸವಿರುವ ಇನ್ನೊಂದು ಊರಿಗೆ ಬಸ್ಸೋ ರೈಲೋ ಇದೆಯೇ. ಗಣಿ ನಡೆಯುವಾಗ ಸಿಗದ ಕಾಗದ ಮುಚ್ಚಿದ ಮೇಲೆ ಸಿಗುವುದು ಅಪರೂಪ.

ಜನ ಹೋದರೂ ಹೋಗದ ವಸ್ತುಗಳಿವೆ. ಕೆಜಿಎಫ್‌ನ 13 ಸೈನೈಡ್ ದಿಬ್ಬಗಳಲ್ಲಿ ಮೂರು ಕೋಟಿ ಟನ್‌ಗೂ ಹೆಚ್ಚು ಅರೆದ ಪುಡಿ ರಾಶಿಬಿದ್ದಿದೆ. ಬೇಸಿಗೆಯ ಗಾಳಿ ಬೀಸಿದರೆ ಅದು ಅಡುಗೆಮನೆಯ ಪಾತ್ರೆಯೊಳಕ್ಕೂ ಬರುತ್ತದೆ. ಉಳಿದಿರುವ ಅಲ್ಪಸ್ವಲ್ಪ ಚಿನ್ನಕ್ಕಾಗಿ ಆ ದಿಬ್ಬಗಳನ್ನು ಮತ್ತೆ ಅರೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸರ್ಕಾರ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಕುದುರೆಮುಖದಲ್ಲಿ ಲಕ್ಯಾ ಅಣೆಕಟ್ಟಿನ ಹಿಂದೆ ಇಪ್ಪತ್ತೈದು ವರ್ಷದ ಕೆಸರು ಕೂತಿದೆ, ಕೆಳಗೆ ಭದ್ರೆ ಹರಿಯುತ್ತಿದೆ. ಮಣ್ಣಿನ ಅಣೆಕಟ್ಟು ಅಂದ ಮೇಲೆ ಪ್ರತಿ ಮಳೆಗಾಲಕ್ಕೆ ಮೊದಲು ಕೋಡಿಯ ಕಾಲುವೆಯಲ್ಲಿ ಬಿದ್ದ ಮರ, ಮಣ್ಣು ತೆಗೆಯಬೇಕು, ಅಣೆಯ ಬುಡದಲ್ಲಿ ಒಸರುವ ನೀರು ತಿಳಿಯಾಗಿದೆಯೋ ಕದಡಿದೆಯೋ ನೋಡಬೇಕು. ಕದಡಿದ್ದರೆ ಒಳಗಿನಿಂದ ಮಣ್ಣು ಕೊರೆಯುತ್ತಿದೆ ಎಂದು ಅರ್ಥ. ಮೇ ತಿಂಗಳಲ್ಲಿ ಇದನ್ನು ನೋಡಲು ಯಾರಾದರೂ ಅಲ್ಲಿ ಇರಲೇಬೇಕು, ಊರು ಇದ್ದರೂ ಇಲ್ಲದಿದ್ದರೂ.